ವೈದ್ಯವಿದ್ಯೆಯ ಕೂಡುಗ್ರಂಥಾಲಯ ಯಾರಿಗಾಗಿ?

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ವೈದ್ಯಗ್ರಂಥಾಲಯದ ಮಾತೇಕೆ ಎಂದು ವಾಚಕರಲ್ಲಿ ಕೆಲವರಾದರೂ ಹುಬ್ಬೇರಿಸಬಹುದು. ಔಷಧ ಕೊಡುವವರ ಪುಸ್ತಕ ಅವರಿಗಿರಲಿ, ನಮಗೆ ಪಂಪ, ಕುಮಾರವ್ಯಾಸರೂ ಷೇಕ್ಸ್‌ಪಿಯರನೂ ಸಾಕು ಎನ್ನುವ ಗೆಳೆಯರು ನಮ್ಮ ತರಗತಿಗಳಲ್ಲಿ ಕಡಿಮೆಯೇನಿಲ್ಲ. ಆದರೆ ಸ್ವಲ್ಪ ಯೋಚಿಸಿ ನೋಡಿದರೆ, ಹಲವು ವಿಶ್ವವಿದ್ಯಾನಿಲಯಗಳು ಕೂಡಿ ಆರೋಗ್ಯವಿಜ್ಞಾನಕ್ಕೆಂದು ಒಂದೇ ಗ್ರಂಥಾಲಯವನ್ನು ಕಟ್ಟುವುದು ಹೇಗೆ ಎಂಬ ಪ್ರಶ್ನೆಯಲ್ಲಿ ವೈದ್ಯಶಾಸ್ತ್ರದ ಅಂಶ ಬಹಳ ಕಡಿಮೆಯೆಂದು ತಿಳಿಯುತ್ತದೆ. ಯಾರು ಎಷ್ಟು ಹಣ ಹಾಕಬೇಕು, ಬೀಗದ ಕೈ ಯಾರ ಬಳಿ ಇರಬೇಕು, ಬಾಗಿಲನ್ನು ಯಾರಿಗೆ ತೆರೆಯಬೇಕು, ಜಗಳ ಬಂದರೆ ಯಾರು ತೀರ್ಮಾನಿಸಬೇಕು, ಇವೆಲ್ಲ ನಾವು ದಿನವೂ ಓದುವ ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಚರಿತ್ರೆಗಳ ಪ್ರಶ್ನೆಗಳು. ಆದ್ದರಿಂದ ಈ ವಿಷಯದಲ್ಲಿ ನಾಲ್ಕು ಮಾತು ಆಡುವ ಅಧಿಕಾರ ನಮಗೂ ಉಂಟೆಂದು ತಿಳಿದು ಈ ಲೇಖನವನ್ನು ಬರೆಯುತ್ತಿದ್ದೇನೆ.

ಹತ್ತು ಜನರ ಹುಲ್ಲುಕಡ್ಡಿ ಒಬ್ಬನಿಗೆ ತಲೆಹೊರೆ ಎಂಬ ಗಾದೆಯನ್ನು ಇಂಥ ಯೋಜನೆಗಳ ಉದ್ಘಾಟನೆಯ ದಿನ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ಗಾದೆ ಸುಳ್ಳಲ್ಲ. ಆದರೆ ಕಟ್ಟಿದ ಹೊರೆ ಕೊನೆಗೆ ಯಾರ ಮನೆಯ ಕೊಟ್ಟಿಗೆ ಸೇರುತ್ತದೆ ಎಂಬುದನ್ನು ಗಾದೆ ಹೇಳುವುದಿಲ್ಲ. ನಮ್ಮ ಬಯಲುಸೀಮೆಯ ಹಿರಿಯರಿಗೆ ಇದರ ಅನುಭವ ಚೆನ್ನಾಗಿ ಇತ್ತು. ಊರಿಗೆಲ್ಲ ಒಂದು ಕೆರೆ. ಅದರ ಅಚ್ಚುಕಟ್ಟಿನಲ್ಲಿ ಹತ್ತಾರು ಮಂದಿಯ ಗದ್ದೆ. ತೂಬಿನ ಬಳಿ ಗದ್ದೆಯಿದ್ದವನಿಗೆ ನೀರಿನ ಚಿಂತೆಯಿಲ್ಲ. ಕಾಲುವೆಯ ತುದಿಯಲ್ಲಿದ್ದವನಿಗೆ ನಿದ್ರೆಯಿಲ್ಲ. ಅದಕ್ಕಾಗಿಯೇ ನೀರುಗಂಟಿಯನ್ನು ನೇಮಿಸಿದರು. ಕೆರೆ ಕೋಡಿ ಬಿದ್ದ ವರ್ಷ ನೀರುಗಂಟಿಯ ಯೋಗ್ಯತೆ ಯಾರಿಗೂ ತಿಳಿಯದು. ಮಳೆ ಹಿಂದೆಗೆದ ವರ್ಷ ತುದಿಯ ಗದ್ದೆಗೆ ನೀರು ಹೋಯಿತೇ ಇಲ್ಲವೇ ಎಂಬುದರಿಂದ ತಿಳಿಯುತ್ತದೆ. ಕೂಡುಗ್ರಂಥಾಲಯದ ಯೋಜನೆಯನ್ನೂ ತುದಿಯ ಗದ್ದೆಯಿಂದಲೇ ಆರಂಭಿಸಬೇಕು. ಎಂದರೆ ಪಾಲುದಾರರಲ್ಲಿ ಅತ್ಯಂತ ಬಡ ಸಂಸ್ಥೆಯನ್ನೂ, ಯಾವ ಪಾಲುದಾರರಿಗೂ ಸೇರದ ಹೊರಗಿನ ಓದುಗನನ್ನೂ ಮೊದಲು ಲೆಕ್ಕಕ್ಕೆ ಹಿಡಿಯಬೇಕು ಎಂಬುದು ನನ್ನ ಅಭಿಪ್ರಾಯ. ಸಾಮಾನ್ಯವಾಗಿ ನಡೆಯುವುದು ಇದಕ್ಕೆ ವಿರುದ್ಧ.

ಇತರ ವಿದ್ಯೆಗಳಿಗಿಂತ ವೈದ್ಯವಿದ್ಯೆಗೆ ಕೂಡುಗ್ರಂಥಾಲಯ ಹೆಚ್ಚು ಅಗತ್ಯವಾಗಲು ಕಾರಣವುಂಟು. ನಮ್ಮ ಶಾಸ್ತ್ರಗಳಲ್ಲಿ ನೂರು ವರ್ಷದ ಪುಸ್ತಕವೂ ಪೂಜ್ಯ. ವೈದ್ಯವಿದ್ಯೆ ಬಹುಮಟ್ಟಿಗೆ ನಿಯತಕಾಲಿಕಗಳಲ್ಲಿ ಬದುಕಿದೆ. ಹೊಸ ಚಿಕಿತ್ಸೆಯ ಸುದ್ದಿ ಪುಸ್ತಕವಾಗುವ ಹೊತ್ತಿಗೆ ಎಷ್ಟೋ ಸಲ ಹಳತಾಗಿರುತ್ತದೆ. ಆ ಪತ್ರಿಕೆಗಳೋ ಅಸಂಖ್ಯಾತ, ಅವುಗಳ ಚಂದಾ ದುಬಾರಿ. ಅಮೆರಿಕದ ಅಂತರ್ಯುದ್ಧದಲ್ಲಿ ಸೇನಾವೈದ್ಯನಾಗಿದ್ದ ಜಾನ್ ಷಾ ಬಿಲಿಂಗ್ಸ್ ಎಂಬಾತನಿಗೆ ೧೮೬೫ರಲ್ಲಿ ವಾಷಿಂಗ್‌ಟನ್ನಿನ ಸೇನಾವೈದ್ಯಾಧಿಕಾರಿಯ ಕಚೇರಿಯ ಪುಸ್ತಕಗಳನ್ನು ನೋಡಿಕೊಳ್ಳುವ ಕೆಲಸ ಬಿತ್ತು. ಆತ ಅದನ್ನು ಮಹಾಗ್ರಂಥಾಲಯವನ್ನಾಗಿ ಬೆಳೆಸಿದ್ದಲ್ಲದೆ, ಜಗತ್ತಿನ ವೈದ್ಯಲೇಖನಗಳಿಗೆ ‘ಇಂಡೆಕ್ಸ್ ಮೆಡಿಕಸ್’ ಎಂಬ ಸೂಚಿಯನ್ನು ೧೮೭೯ರಲ್ಲಿ ಆರಂಭಿಸಿದ. ಆ ಗ್ರಂಥಾಲಯವೇ ೧೯೫೬ರಲ್ಲಿ ಅಮೆರಿಕದ ರಾಷ್ಟ್ರೀಯ ವೈದ್ಯಗ್ರಂಥಾಲಯವಾಯಿತು. ನಮ್ಮಂಥವರಿಗೆ ಆಸಕ್ತಿ ಹುಟ್ಟಿಸುವ ಸಂಗತಿ ಇನ್ನೊಂದುಂಟು. ನ್ಯೂಯಾರ್ಕಿನಲ್ಲಿ ಎರಡು ಹಳೆಯ ಗ್ರಂಥಾಲಯಗಳೂ ಒಂದು ದತ್ತಿನಿಧಿಯೂ ೧೮೯೫ರಲ್ಲಿ ಒಂದಾದಾಗ, ಆ ಕೂಡುಮನೆಯ ಮೊದಲ ನಿರ್ದೇಶಕನಾಗಿ ಕರೆಸಿಕೊಂಡದ್ದು ಈ ವೈದ್ಯನನ್ನೇ. ಓದುಗರ ಕೋಣೆ ಎಲ್ಲಿರಬೇಕು, ಪುಸ್ತಕದ ಕಪಾಟುಗಳು ಎಲ್ಲಿರಬೇಕು ಎಂಬ ನಕ್ಷೆಯ ಮೊದಲ ಗೆರೆಗಳನ್ನು ಎಳೆದವನೂ ಆತನೇ. ಬಹುಶಃ ರೋಗಿಗಳನ್ನು ನೋಡಿದವನಿಗೆ ಓದುಗರ ಅವಸರ ಹೆಚ್ಚು ಚೆನ್ನಾಗಿ ತಿಳಿಯುತ್ತದೆ.

ಒಂದು ಗ್ರಂಥಾಲಯ ಎಲ್ಲವನ್ನೂ ಕೊಳ್ಳಲಾರದು ಎಂಬುದನ್ನು ವೈದ್ಯಗ್ರಂಥಪಾಲರು ಬಹಳ ಮೊದಲೇ ಕಂಡುಕೊಂಡಿದ್ದರು. ೧೮೯೮ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ನಾಲ್ವರು ವೈದ್ಯರೂ ನಾಲ್ವರು ಗ್ರಂಥಪಾಲರೂ ಸೇರಿ ಒಂದು ಸಂಘ ಕಟ್ಟಿದರು. ನಮ್ಮಲ್ಲಿ ಎರಡು ಪ್ರತಿಯಿರುವ ಪತ್ರಿಕೆಯನ್ನು ನಿಮಗೆ ಕೊಡುತ್ತೇವೆ, ನಿಮ್ಮಲ್ಲಿ ಹೆಚ್ಚಿರುವುದನ್ನು ನಮಗೆ ಕೊಡಿ ಎಂಬುದು ಅವರ ಮೊದಲ ವ್ಯವಹಾರ. ನೆರೆಮನೆಯಿಂದ ಹೆಪ್ಪಿಗೆ ಮಜ್ಜಿಗೆ ತಂದಷ್ಟೇ ಸರಳವಾದ ಕೆಲಸ.

ಆದರೆ ಏನನ್ನು ಹಂಚಿಕೊಳ್ಳಬೇಕು, ಏನನ್ನು ತಂತಮ್ಮಲ್ಲೇ ಇಟ್ಟುಕೊಳ್ಳಬೇಕು ಎಂಬುದಕ್ಕೆ ಲೆಕ್ಕದ ಆಧಾರ ಸಿಕ್ಕಿದ್ದು ೧೯೩೪ರಲ್ಲಿ. ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದ ಗ್ರಂಥಪಾಲರಾಗಿದ್ದ ಬ್ರಾಡ್‌ಫರ್ಡ್ ಎಂಬವರು ಭೂಭೌತಶಾಸ್ತ್ರದ ೧,೩೩೨ ಲೇಖನಗಳು ಯಾವ ಯಾವ ಪತ್ರಿಕೆಗಳಲ್ಲಿ ಬಂದಿವೆಯೆಂದು ಎಣಿಸಿದರು. ಕೇವಲ ೯ ಪತ್ರಿಕೆಗಳಲ್ಲಿ ೪೨೯ ಲೇಖನಗಳಿದ್ದವು. ಮುಂದಿನ ೪೯೯ ಲೇಖನಗಳಿಗೆ ೫೯ ಪತ್ರಿಕೆಗಳು ಬೇಕಾದವು. ಉಳಿದ ೪೦೪ ಲೇಖನಗಳು ೨೫೮ ಪತ್ರಿಕೆಗಳಲ್ಲಿ ಚೆದರಿಹೋಗಿದ್ದವು. ವಿಷಯ ಬದಲಾದರೆ ಅಂಕಿಗಳು ಬದಲಾಗುತ್ತವೆಯೇ ಹೊರತು ಈ ಹಂಚಿಕೆಯ ರೀತಿ ಹೆಚ್ಚುಕಡಿಮೆ ಹೀಗೆಯೇ ಇರುತ್ತದೆ. ಕೂಡುಗ್ರಂಥಾಲಯದ ಅರ್ಥಶಾಸ್ತ್ರವೆಲ್ಲ ಈ ಮೂರು ಸಾಲಿನಲ್ಲಿದೆಯೆಂದರೆ ತಪ್ಪಾಗಲಾರದು. ಆ ಮೊದಲ ೯ ಪತ್ರಿಕೆಗಳನ್ನು ಪ್ರತಿಯೊಂದು ಕಾಲೇಜೂ ತನ್ನಲ್ಲೇ ಇಟ್ಟುಕೊಳ್ಳಲಿ. ದಿನವೂ ಬೇಕಾಗುವ ಉಪ್ಪಿಗೆ ಪಕ್ಕದ ಮನೆಯ ಬಾಗಿಲು ತಟ್ಟಬಾರದು. ಆ ೨೫೮ರಲ್ಲಿ ಯಾವುದನ್ನೂ ಯಾವ ಒಂದು ಕಾಲೇಜೂ ಒಂಟಿಯಾಗಿ ಕೊಳ್ಳಲಾರದು, ಕೊಳ್ಳಲೂ ಬಾರದು. ಎಲ್ಲರೂ ಸೇರಿ ಒಂದೊಂದು ಪ್ರತಿ ಕೊಂಡರೆ ಸಾಕು. ದುರ್ದೈವದಿಂದ ಒಕ್ಕೂಟಗಳು ಅನೇಕ ವೇಳೆ ಇದನ್ನು ತಿರುವುಮುರುವಾಗಿ ಮಾಡುತ್ತವೆ; ಎಲ್ಲರಿಗೂ ಬೇಕಾದ ಪ್ರಸಿದ್ಧ ಪತ್ರಿಕೆಗಳನ್ನೇ ಒಟ್ಟಾಗಿ ಕೊಂಡು ಸಂತೋಷಪಟ್ಟು, ಎಲ್ಲೋ ಒಬ್ಬನಿಗೆ ಎಂದೋ ಒಂದು ದಿನ ಬೇಕಾಗುವುದನ್ನು ಬಿಟ್ಟುಬಿಡುತ್ತವೆ.

ಆ ಒಬ್ಬನು ಯಾರೆಂದು ನೋಡೋಣ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲ ಹಳ್ಳಿಗಳಲ್ಲಿ ಜನ ವಿಚಿತ್ರ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು, ಇದು ಉಣುಗುಗಳಿಂದ ಹರಡುವ ಹೊಸ ವೈರಸ್ ಎಂದು ಕಂಡುಹಿಡಿದರು. ಕಾಡಿನ ಹೆಸರೇ ಕಾಯಿಲೆಗೆ ನಿಂತು, ಜಗತ್ತಿನ ವೈದ್ಯಸೂಚಿಗಳಲ್ಲಿ ನಮ್ಮ ಮಲೆನಾಡಿನ ಒಂದು ಹಳ್ಳಿಯ ಹೆಸರು ಅಚ್ಚಾಯಿತು. ಕಾಯಿಲೆ ನಮ್ಮದು, ಸತ್ತವರು ನಮ್ಮವರು. ಆದರೆ ಅದರ ಮೇಲೆ ಬರೆದ ಲೇಖನಗಳು ಬ್ರಾಡ್‌ಫರ್ಡರ ಮೂರನೆಯ ಸಾಲಿಗೆ ಸೇರಿದವು. ಅಲ್ಲೊಂದು ಇಲ್ಲೊಂದು ಪತ್ರಿಕೆಯಲ್ಲಿ ಚೆದರಿದವು. ಮಂಗನ ಕಾಯಿಲೆಯ ಕಾಲ ಬಂದಾಗ ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬಂಟಿಯಾಗಿ ಕುಳಿತ ತರುಣ ವೈದ್ಯೆಗೆ ಬೇಕಾಗುವುದು ಆ ಲೇಖನಗಳೇ. ಆಕೆ ಈಗ ಯಾವ ಕಾಲೇಜಿನ ವಿದ್ಯಾರ್ಥಿನಿಯೂ ಅಲ್ಲ, ಯಾವ ವಿಶ್ವವಿದ್ಯಾನಿಲಯದ ಸದಸ್ಯಳೂ ಅಲ್ಲ. ಕೂಡುಗ್ರಂಥಾಲಯದ ಸದಸ್ಯರ ಪಟ್ಟಿಯಲ್ಲಿ ಆಕೆಯ ಹೆಸರು ಎಲ್ಲಿ ಬರಬೇಕು?

ಈ ಪ್ರಶ್ನೆಗೆ ಉತ್ತರ ಹುಡುಕುವ ಮುನ್ನ, ಕೂಡಿ ಬಾಳಿದ ಎರಡು ಗ್ರಂಥಾಲಯಗಳ ಕಥೆಯನ್ನು ನೋಡುವುದು ಪ್ರಯೋಜನಕರ. ಎರಡೂ ಅಮೆರಿಕದವು, ಅಲ್ಲಿ ಇಂಥ ಪ್ರಯೋಗ ಬೇಗನೆ ನಡೆದದ್ದರಿಂದ ಅಲ್ಲಿಂದ ಕಲಿಯಬಹುದಾದದ್ದು ಕೆಲವುಂಟು.

ಬಾಸ್ಟನ್ ನಗರದ ವೈದ್ಯರು ೧೮೭೫ರಲ್ಲಿ ತಮ್ಮದೇ ಗ್ರಂಥಾಲಯವೊಂದನ್ನು ಕಟ್ಟಿಕೊಂಡಿದ್ದರು. ಅದರ ಮೊದಲ ಅಧ್ಯಕ್ಷ, ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿಗಳಿಗೆ ಪ್ರಬಂಧಕಾರನೆಂದು ಪರಿಚಿತನಾದ ಆಲಿವರ್ ವೆಂಡೆಲ್ ಹೋಮ್ಸ್. ಅಂಗರಚನಾಶಾಸ್ತ್ರದ ಪ್ರಾಧ್ಯಾಪಕನೂ ಆತನೇ. ಅದೇ ಊರಿನಲ್ಲಿ ಹಾರ್ವರ್ಡ್ ವೈದ್ಯಶಾಲೆಗೂ ಪ್ರತ್ಯೇಕ ಗ್ರಂಥಾಲಯವಿತ್ತು. ಬಹುಕಾಲ ಎರಡು ಮನೆ, ಎರಡು ಒಲೆ. ೧೯೬೦ರಲ್ಲಿ ಎರಡೂ ಒಪ್ಪಂದ ಮಾಡಿಕೊಂಡು, ೧೯೬೫ರಲ್ಲಿ ಕೌಂಟ್‌ವೇ ಗ್ರಂಥಾಲಯವೆಂಬ ಒಂದೇ ಕಟ್ಟಡದಲ್ಲಿ ಸೇರಿದವು. ಇಲ್ಲಿ ಗಮನಿಸಬೇಕಾದ ವಿಚಾರವೆಂದರೆ, ಪುಸ್ತಕಗಳು ಒಂದೇ ಸೂರಿನಡಿ ಬಂದರೂ ವೈದ್ಯರ ಸಂಘ ತನ್ನ ಪುಸ್ತಕಗಳ ಒಡೆತನವನ್ನು ಬಿಟ್ಟುಕೊಡಲಿಲ್ಲ. ಓದಲು ಎಲ್ಲವೂ ಎಲ್ಲರದು, ದಾಖಲೆಯಲ್ಲಿ ಅವರವರದು ಅವರವರಿಗೆ. ನಮ್ಮ ಕಡೆ ಅಣ್ಣತಮ್ಮಂದಿರು ಬೇರೆಯಾಗುವಾಗ ಪಾಲುಪಟ್ಟಿ ಬರೆಯುತ್ತಾರೆ. ಅವರು ಕೂಡುವಾಗಲೇ ಬರೆದಿಟ್ಟುಕೊಂಡರು. ಕೇಳಲು ಅಪಶಕುನದಂತೆ ಕಂಡರೂ ಇದು ಬಹಳ ಜಾಣತನದ ಕೆಲಸ. ಬಿಟ್ಟುಹೋಗುವ ದಾರಿ ಸ್ಪಷ್ಟವಾಗಿದ್ದರೆ ಸೇರುವ ಧೈರ್ಯವೂ ಬರುತ್ತದೆ. ದೊಡ್ಡ ವಿಶ್ವವಿದ್ಯಾನಿಲಯ ನಮ್ಮನ್ನು ನುಂಗಿಬಿಡುತ್ತದೆಯೋ ಏನೋ ಎಂಬ ಚಿಕ್ಕವರ ಅಂಜಿಕೆಯಿಂದಲೇ ಎಷ್ಟೋ ಯೋಜನೆಗಳು ಕಾಗದದ ಮೇಲೆ ಸಾಯುತ್ತವೆ.

ಎರಡನೆಯದು ಟೆಕ್ಸಾಸ್ ಪ್ರಾಂತದ ಹ್ಯೂಸ್ಟನ್ ನಗರದ್ದು. ಅಲ್ಲಿಯ ವೈದ್ಯಸಂಘದ ಗ್ರಂಥಾಲಯ ಹುಟ್ಟಿದ್ದು ೧೯೧೫ರಲ್ಲಿ. ಬೇಲರ್ ವೈದ್ಯಕಾಲೇಜು ೧೯೪೩ರಲ್ಲಿ ಡಲ್ಲಾಸಿನಿಂದ ಆ ಊರಿಗೆ ಬಂದಾಗ ಅದಕ್ಕೆ ಸ್ವಂತ ಕಟ್ಟಡವಿಲ್ಲದೆ ಹಳೆಯದೊಂದು ಅಂಗಡಿಯ ಉಗ್ರಾಣದಲ್ಲಿ ಪಾಠ ನಡೆಯಿತಂತೆ. ೧೯೪೯ರಲ್ಲಿ ಸಂಘದ ಪುಸ್ತಕಗಳೂ ಕಾಲೇಜಿನ ಪುಸ್ತಕಗಳೂ ಒಂದಾದವು; ೧೯೫೪ರಲ್ಲಿ ಜೆಸ್ಸಿ ಜೋನ್ಸ್ ಎಂಬ ವರ್ತಕನ ಹೆಸರಿನ ಹೊಸ ಕಟ್ಟಡ ತೆರೆಯಿತು. ಮುಂದೆ ಟೆಕ್ಸಾಸ್ ವಿಶ್ವವಿದ್ಯಾನಿಲಯದ ಶಾಲೆಗಳು, ನರ್ಸಿಂಗ್ ಕಲಿಸುವ ಮಹಿಳಾ ವಿಶ್ವವಿದ್ಯಾನಿಲಯ ಮೊದಲಾದ ಹಲವು ಸಂಸ್ಥೆಗಳು ಅದನ್ನೇ ತಮ್ಮ ಗ್ರಂಥಾಲಯವಾಗಿ ಬಳಸಿದವು. ಯಾವೊಂದು ವಿಶ್ವವಿದ್ಯಾನಿಲಯದ ಅಂಗಳದಲ್ಲೂ ಹುಟ್ಟದೆ, ಊರಿನ ವೈದ್ಯರ ಸಂಘದಿಂದ ಹುಟ್ಟಿದ್ದು ಅದರ ಭಾಗ್ಯವೆಂದು ನನಗೆ ತೋರುತ್ತದೆ. ಊರಿನಲ್ಲಿ ರೋಗಿಗಳನ್ನು ನೋಡುವ ಸಾಮಾನ್ಯ ವೈದ್ಯ ಅಲ್ಲಿ ಅತಿಥಿಯಾಗಿರಲಿಲ್ಲ, ಯಜಮಾನನಾಗಿದ್ದ. ಅಂದಹಾಗೆ ಅದೇ ಹ್ಯೂಸ್ಟನ್ನಿನಲ್ಲಿ ೨೦೦೧ರ ಜೂನ್ ತಿಂಗಳಿನ ಬಿರುಮಳೆಗೆ ಹ್ಯೂಸ್ಟನ್ ವಿಶ್ವವಿದ್ಯಾನಿಲಯದ ಕಾನೂನು ಗ್ರಂಥಾಲಯದ ನೆಲಮಾಳಿಗೆ ತುಂಬಿ ಒಂದೂವರೆ ಲಕ್ಷಕ್ಕೂ ಹೆಚ್ಚು ಸಂಪುಟಗಳು ಹಾಳಾದವು. ಎಲ್ಲರ ಧಾನ್ಯವನ್ನೂ ಒಂದೇ ಹಗೇವಿನಲ್ಲಿ ತುಂಬುವವರು ಆ ಹಗೇವು ಎಲ್ಲಿದೆಯೆಂದು ನೋಡಿಕೊಳ್ಳಬೇಕು. ನೆಲಮಾಳಿಗೆಯಲ್ಲಿ ಪುಸ್ತಕವಿಡುವ ನಕ್ಷೆಯನ್ನು ಯಾವ ವಾಸ್ತುಶಿಲ್ಪಿ ತಂದರೂ ಒಪ್ಪಬಾರದು.

ಇವೆಲ್ಲ ಅಚ್ಚಿನ ಕಾಲದ ಮಾತು. ಅಚ್ಚಿನ ಸಂಪುಟಕ್ಕೆ ಒಂದು ಗುಣವಿತ್ತು: ಒಮ್ಮೆ ಕೊಂಡರೆ ಅದು ನಮ್ಮದು. ಮರುವರ್ಷ ಚಂದಾ ಕಟ್ಟದಿದ್ದರೂ ಕಳೆದ ವರ್ಷದ ಸಂಚಿಕೆಗಳು ಕಪಾಟಿನಲ್ಲಿ ಇದ್ದೇ ಇರುತ್ತಿದ್ದವು. ಬಾಗಿಲು ದಾಟಿ ಬಂದವನು ಯಾರೇ ಆಗಲಿ, ಗ್ರಂಥಪಾಲರು ದಯೆ ತೋರಿದರೆ ಕುಳಿತು ಓದಬಹುದಿತ್ತು. ಈಗ ಗ್ರಂಥಾಲಯಗಳು ಬಹುಮಟ್ಟಿಗೆ ಪತ್ರಿಕೆಯನ್ನು ಕೊಳ್ಳುವುದಿಲ್ಲ, ಓದುವ ಪರವಾನಗಿಯನ್ನು ಕೊಳ್ಳುತ್ತವೆ. ಯಾರು ಓದಬಹುದು, ಎಷ್ಟು ಕಾಲ ಓದಬಹುದು, ಇನ್ನೊಂದು ಗ್ರಂಥಾಲಯಕ್ಕೆ ಒಂದು ಲೇಖನದ ಪ್ರತಿ ಕಳುಹಿಸಬಹುದೇ ಎಂಬುದನ್ನೆಲ್ಲ ಪ್ರಕಾಶಕನ ಕರಾರುಪತ್ರ ನಿರ್ಧರಿಸುತ್ತದೆ. ಕರಾರು ಮುಗಿದ ದಿನ, ಹಿಂದಿನ ಸಂಪುಟಗಳ ಹಕ್ಕನ್ನು ಮೊದಲೇ ಬರೆಸಿಕೊಳ್ಳದಿದ್ದರೆ, ಕಪಾಟೇ ಮಾಯವಾಗುತ್ತದೆ. ಅಮೆರಿಕದ ರಾಷ್ಟ್ರೀಯ ವೈದ್ಯಗ್ರಂಥಾಲಯ ತನ್ನ ಸೂಚಿಯನ್ನು ಪಬ್‌ಮೆಡ್ ಎಂಬ ಹೆಸರಿನಲ್ಲಿ ೧೯೯೭ರಲ್ಲಿ ಜಗತ್ತಿಗೆಲ್ಲ ಉಚಿತವಾಗಿ ತೆರೆಯಿತು. ಇದು ಬಿಲಿಂಗ್ಸನ ಸಂತತಿಗೆ ಒಪ್ಪುವ ಔದಾರ್ಯ. ಆದರೆ ಸೂಚಿಯಲ್ಲಿ ಲೇಖನದ ಹೆಸರು ಕಂಡರೇನು, ಎಷ್ಟೋ ಲೇಖನಗಳು ಬೀಗದೊಳಗೆ. ಊಟದ ಪಟ್ಟಿಯನ್ನು ಬೀದಿಯಲ್ಲಿ ಹಚ್ಚಿ, ಊಟದ ಮನೆಗೆ ಬೀಗ ಹಾಕಿದಂತೆ.

ನಮ್ಮ ನಾಡು ಈ ವಿಷಯದಲ್ಲಿ ಹಿಂದುಳಿದಿಲ್ಲವೆಂದು ಹೇಳಲು ಸಂತೋಷವಾಗುತ್ತದೆ. ೧೯೯೬ರಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಆರೋಗ್ಯವಿಜ್ಞಾನಗಳ ವಿಶ್ವವಿದ್ಯಾನಿಲಯವು ೨೦೦೩ರಲ್ಲಿ ಹೆಲಿನೆಟ್ ಎಂಬ ಒಕ್ಕೂಟವನ್ನು ಆರಂಭಿಸಿ, ತನಗೆ ಸೇರಿದ ಕಾಲೇಜುಗಳೆಲ್ಲ ಕೂಡಿ ವಿದೇಶೀ ಪತ್ರಿಕೆಗಳನ್ನು ತರಿಸುವ ವ್ಯವಸ್ಥೆ ಮಾಡಿತು. ಭಾರತದ ವೈದ್ಯಗ್ರಂಥಾಲಯಗಳ ಇಂಥ ಪ್ರಯತ್ನಗಳಲ್ಲಿ ಅದು ಮೊದಲ ಸಾಲಿನದು. ೨೦೨೪ರ ನವೆಂಬರಿನಲ್ಲಿ ಕೇಂದ್ರ ಮಂತ್ರಿಮಂಡಲವು ‘ಒಂದು ರಾಷ್ಟ್ರ ಒಂದು ಚಂದಾ’ ಎಂಬ ಯೋಜನೆಯನ್ನು ಒಪ್ಪಿತು. ಮೂರು ವರ್ಷಗಳಿಗೆ ೬,೦೦೦ ಕೋಟಿ ರೂಪಾಯಿ, ೩೦ ಪ್ರಕಾಶಕರು, ಸುಮಾರು ೧೩,೦೦೦ ಪತ್ರಿಕೆಗಳು, ೬,೩೦೦ಕ್ಕೂ ಹೆಚ್ಚು ಸಂಸ್ಥೆಗಳು. ಇದಕ್ಕಿಂತ ದೊಡ್ಡ ಕೆರೆಯನ್ನು ನಾವು ಕಂಡಿಲ್ಲ. ನಮ್ಮಂಥ ಸರ್ಕಾರೀ ಕಾಲೇಜುಗಳಿಗೂ ಅದರಲ್ಲಿ ಪಾಲಿರುವಂತೆ ಯೋಜನೆ ಹಾಕಿದ್ದು ಮೆಚ್ಚತಕ್ಕದ್ದು. ಆದರೆ ಯೋಜನೆಯ ಮೊದಲ ಹಂತ ಸರ್ಕಾರೀ ಸಂಸ್ಥೆಗಳಿಗೆ ಮಾತ್ರ ಎಂದು ಗೊತ್ತುಮಾಡಿದರು. ನಮ್ಮ ರಾಜ್ಯದ ನರ್ಸಿಂಗ್ ಶಾಲೆಗಳಲ್ಲಿ ಬಹುಪಾಲು ಖಾಸಗಿಯವು. ತುದಿಯ ಗದ್ದೆ ಮತ್ತೆ ತುದಿಯಲ್ಲೇ ಉಳಿಯಿತು.

ಈಗ ಹೊರಗಿನ ಓದುಗನ ಮಾತು. ಚರಿತ್ರೆಯನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡಿರುವ ನನ್ನ ಮಿತ್ರರೊಬ್ಬರು ೧೮೯೮ರ ಬೆಂಗಳೂರಿನ ಪ್ಲೇಗಿನ ಮೇಲೆ ಪ್ರಬಂಧ ಬರೆಯಲು ಹೊರಟರು. ಆ ಪ್ಲೇಗಿನ ತರುವಾಯವೇ ಬಸವನಗುಡಿ, ಮಲ್ಲೇಶ್ವರಗಳಂಥ ಹೊಸ ಬಡಾವಣೆಗಳು ಎದ್ದವೆಂದು ನಾವೆಲ್ಲ ಓದಿದ್ದೇವೆ. ಅಂದಿನ ವೈದ್ಯರ ವರದಿಗಳು ಸಿಗಬಹುದೆಂದು ಅವರು ಬಸ್ ಹಿಡಿದು ನಗರದ ಒಂದು ವೈದ್ಯಗ್ರಂಥಾಲಯಕ್ಕೆ ಹೋದರು. ಬಾಗಿಲಲ್ಲಿ ಗುರುತುಚೀಟಿ ಕೇಳಿದರು. ನಮ್ಮ ಕಾಲೇಜಿನದನ್ನು ತೋರಿಸಿದಾಗ ಇದು ನಡೆಯದೆಂದು ಹಿಂದಕ್ಕೆ ಕಳುಹಿಸಿದರು. ಬಾಗಿಲಲ್ಲಿದ್ದವರ ಮೇಲೆ ನನಗೆ ಕೋಪವಿಲ್ಲ. ಅವರಿಗೆ ಕೊಟ್ಟ ನಿಯಮಗಳಲ್ಲಿ ಹೊರಗಿನವನು ಎಂಬ ಶಬ್ದವೇ ಇರಲಿಲ್ಲ; ಇಲ್ಲದ ಶಬ್ದಕ್ಕೆ ಅವರು ಅರ್ಥ ಹೇಗೆ ಹೇಳಿಯಾರು? ಆ ಶಬ್ದವನ್ನು ಸೇರಿಸಬೇಕಾದದ್ದು ಯೋಜನೆ ಬರೆಯುವವರು, ಅದೂ ಕಟ್ಟಡದ ಕಲ್ಲಿಡುವ ಮೊದಲು, ಪ್ರಕಾಶಕರ ಕರಾರಿಗೆ ಸಹಿ ಹಾಕುವ ಮೊದಲು. ಗ್ರಂಥಾಲಯದೊಳಗೆ ಬಂದು ಅಲ್ಲಿನ ಯಂತ್ರದಲ್ಲಿ ಓದುವವನಿಗೆ, ಅವನು ಯಾರೇ ಆಗಿರಲಿ, ಅಡ್ಡಿಯಿಲ್ಲ ಎಂಬ ಕಲಮು ಪರದೇಶಗಳ ಎಷ್ಟೋ ವಿಶ್ವವಿದ್ಯಾನಿಲಯಗಳ ಕರಾರುಗಳಲ್ಲಿ ಉಂಟು. ಒಂಟಿ ಕಾಲೇಜು ಕೇಳಿದರೆ ಪ್ರಕಾಶಕ ಒಪ್ಪದಿರಬಹುದು. ಐದಾರು ವಿಶ್ವವಿದ್ಯಾನಿಲಯಗಳು ಒಟ್ಟಾಗಿ ಕೇಳಿದರೆ ಒಪ್ಪಲೇಬೇಕಾಗುತ್ತದೆ. ಕೂಡುವುದರ ಬಲವನ್ನು ಬೆಲೆ ಇಳಿಸಲು ಮಾತ್ರ ಉಪಯೋಗಿಸಿ, ಬಾಗಿಲು ತೆರೆಸಲು ಉಪಯೋಗಿಸದಿರುವುದು ನನಗೆ ಅರ್ಥವಾಗುವುದಿಲ್ಲ.

ಎಲ್ಲವೂ ಕೈಯ ಫೋನಿನಲ್ಲೇ ಸಿಗುವಾಗ ಕಟ್ಟಡವೇಕೆ, ಗ್ರಂಥಪಾಲರೇಕೆ ಎಂದು ನಮ್ಮ ಅಧ್ಯಾಪಕರೊಬ್ಬರು ಚರ್ಚೆಯಲ್ಲಿ ಕೇಳಿದರು. ಸಿಗುತ್ತದೆಯೆಂಬುದು ಅರ್ಧ ಸತ್ಯ. ಪಬ್‌ಮೆಡ್ಡಿನಲ್ಲಿ ಮೂರು ಕೋಟಿಗೂ ಹೆಚ್ಚು ಲೇಖನಗಳ ಹೆಸರುಗಳಿವೆ. ಅದರಲ್ಲಿ ಬೇಕಾದ ಹತ್ತನ್ನು ಹೆಕ್ಕಿಕೊಡುವುದು ಒಂದು ವಿದ್ಯೆ, ಆ ವಿದ್ಯೆ ಬಲ್ಲವರೇ ಈ ಕಾಲದ ನೀರುಗಂಟಿಗಳು. ಕೂಡುಗ್ರಂಥಾಲಯದಲ್ಲಿ ಅವರು ಯಾವ ವಿಶ್ವವಿದ್ಯಾನಿಲಯದ ಸಂಬಳಪಟ್ಟಿಯಲ್ಲಿ ಇರಬೇಕೆಂಬುದೇ ದೊಡ್ಡ ತೊಡಕು. ಸಂಬಳ ಕೊಡುವ ಮನೆಯವರಿಗೆ ಮೊದಲು ನೀರು ಬಿಡುವುದು ಮನುಷ್ಯಸ್ವಭಾವ. ಆದುದರಿಂದ ಅವರು ಕೂಡುನಿಧಿಯ ನೌಕರರಾಗಿರಲಿ, ಯಾವೊಬ್ಬ ಕುಲಪತಿಯ ಕೈಕೆಳಗೂ ಬೇಡ.

ಹಣದ ಹಂಚಿಕೆ ಇನ್ನೂ ಸೂಕ್ಷ್ಮ. ಸಮಪಾಲು ಎಂದರೆ ಬಡವರಿಗೆ ಭಾರ. ವಿದ್ಯಾರ್ಥಿಗಳ ತಲೆಯೆಣಿಕೆ ಎಂದರೆ, ನೂರಾರು ಹುಡುಗಿಯರಿಗೆ ನರ್ಸಿಂಗ್ ಕಲಿಸಿ ಅಲ್ಪ ಆದಾಯದಲ್ಲಿ ನಡೆಯುವ ಸಂಸ್ಥೆ, ಕೆಲವೇ ಸಂಶೋಧಕರಿರುವ ಸಿರಿವಂತ ಸಂಸ್ಥೆಗಿಂತ ಹೆಚ್ಚು ಕಟ್ಟಬೇಕಾಗುತ್ತದೆ. ಬಳಸಿದಷ್ಟಕ್ಕೆ ಹಣ ಎಂಬುದು ನ್ಯಾಯವಾಗಿ ಕೇಳಿಸುತ್ತದೆ. ಆದರೆ ವಾಸ್ತವದಲ್ಲಿ ಅದು ಓದಿದವರಿಗೆ ದಂಡ. ಹಾಗೆ ಮಾಡಿದರೆ ಕಾಲೇಜಿನ ಲೆಕ್ಕಾಧಿಕಾರಿ, ವರ್ಷದ ಕೊನೆಯಲ್ಲಿ ಮಕ್ಕಳು ಕಡಿಮೆ ಓದಲಿ ಎಂದು ಹರಕೆ ಹೊತ್ತಾನು. ಪ್ರತಿಯೊಂದು ಸಂಸ್ಥೆಯ ವಾರ್ಷಿಕ ಆಯವ್ಯಯದ ಇಂತಿಷ್ಟು ಭಾಗ ಎಂದು ಗೊತ್ತುಮಾಡುವುದೇ ಮೇಲು. ಆಡಳಿತ ಮಂಡಲಿಯಲ್ಲಿ ಮಾತ್ರ ಹಣ ನೋಡಿ ಮತ ಕೊಡಕೂಡದು. ಒಂದು ಸಂಸ್ಥೆಗೆ ಒಂದು ಮತ, ವಿದ್ಯಾರ್ಥಿಗಳಿಗೊಂದು ಕುರ್ಚಿ, ಊರಿನ ಸಾಮಾನ್ಯ ವೈದ್ಯರಿಗೊಂದು ಕುರ್ಚಿ.

ಗಂಟೆಯ ವಿಚಾರವನ್ನೂ ಹೇಳಿಬಿಡುತ್ತೇನೆ. ವೈದ್ಯ ವಿದ್ಯಾರ್ಥಿಗಳ ಹಗಲೆಲ್ಲ ವಾರ್ಡುಗಳಲ್ಲಿ ಕಳೆಯುತ್ತದೆ, ಓದುವುದು ರಾತ್ರಿ. ಸಂಜೆ ಐದೂವರೆಗೆ ಬಾಗಿಲು ಹಾಕುವ ವೈದ್ಯಗ್ರಂಥಾಲಯ ಇದ್ದರೂ ಇಲ್ಲದಂತೆ. ರಾತ್ರಿ ಹತ್ತರ ತನಕ ತೆರೆದಿಡುವುದಾದರೆ, ಹಾಸ್ಟೆಲಿನ ಹುಡುಗಿಯರು ಮರಳಿ ಹೋಗಲು ದೀಪವಿರುವ ದಾರಿಯೂ ಒಂದು ಬಸ್ಸೂ ಯೋಜನೆಯ ಖರ್ಚಿನಲ್ಲೇ ಸೇರಬೇಕು.

ಕೊನೆಯದಾಗಿ, ಇಂಥ ಗ್ರಂಥಾಲಯದಲ್ಲಿ ಒಂದು ಕನ್ನಡದ ಕಪಾಟು ಇರಲಿ ಎಂದು ಕೇಳುತ್ತೇನೆ. ಇದನ್ನು ಭಾಷಾಭಿಮಾನದ ಮಾತೆಂದು ಯಾರೂ ತಳ್ಳಿಹಾಕಬಾರದು. ‘ಕೊರವಂಜಿ’ಯ ‘ರಾಶಿ’ಯವರು ವೈದ್ಯರಾಗಿದ್ದರು, ಅನುಪಮಾ ನಿರಂಜನರು ವೈದ್ಯೆಯಾಗಿದ್ದು, ತಾಯಿ ಮಕ್ಕಳ ಆರೋಗ್ಯವನ್ನು ಮನೆಮನೆಯ ಹೆಂಗಸರಿಗೆ ತಿಳಿಯುವ ಕನ್ನಡದಲ್ಲಿ ಬರೆದರು. ರೋಗಿ ತನ್ನ ನೋವನ್ನು ಹೇಳಿಕೊಳ್ಳುವುದು ಕನ್ನಡದಲ್ಲಿ, ನರ್ಸು ಅವಳಿಗೆ ಪಥ್ಯ ವಿವರಿಸುವುದು ಕನ್ನಡದಲ್ಲಿ, ಆಶಾ ಕಾರ್ಯಕರ್ತೆ ಊರೂರು ತಿರುಗಿ ಮಾತಾಡುವುದೂ ಕನ್ನಡದಲ್ಲಿ. ಹದಿಮೂರು ಸಾವಿರ ಪತ್ರಿಕೆಗಳ ನಡುವೆ ಅವರಿಗೆ ಓದಲು ಒಂದು ಹಾಳೆಯೂ ಇಲ್ಲದಿದ್ದರೆ, ಬಾಗಿಲು ತೆರೆದಿದ್ದೂ ಅವರು ಒಳಗೆ ಬರುವ ಕಾರಣವಿರುವುದಿಲ್ಲ. ಈ ಕಪಾಟನ್ನು ತುಂಬುವ ಕೆಲಸ ವೈದ್ಯಕಾಲೇಜುಗಳೊಂದರಿಂದಲೇ ಆಗದು. ಕನ್ನಡ ಬರೆಯಬಲ್ಲ ನಮ್ಮಂಥ ಕಾಲೇಜಿನವರೂ ಅವರ ಜೊತೆ ಕುಳಿತುಕೊಳ್ಳಬೇಕು. ಮುಂದಿನ ವರ್ಷ ನಮ್ಮ ಕನ್ನಡ ಸಂಘವು ಒಂದು ನರ್ಸಿಂಗ್ ಶಾಲೆಯವರನ್ನು ಕರೆಸಿ, ಅವರಿಗೆ ದಿನವೂ ಬೇಕಾಗುವ ನೂರು ಶಬ್ದಗಳಿಗೆ ಕನ್ನಡ ಹೇಗೆ ಹೇಳುತ್ತಾರೆಂದು ಕೇಳಿ ಬರೆದುಕೊಳ್ಳಲೆಂದು ಸಂಘದ ಕಾರ್ಯದರ್ಶಿಗಳಿಗೆ ಈ ಮೂಲಕ ಸೂಚಿಸುತ್ತೇನೆ.